ಪೀಣ್ಯದ ಕವರ್ ಕಸುಬು

ಐಟಿಐಗಳಲ್ಲಿ ಇವತ್ತಿಗೂ ಹುಡುಗರು ಕೈ ಪಳಗಿಸಿಕೊಳ್ಳುವುದು ಮುಚ್ಚಳವಿಲ್ಲದ ಲೇತ್‌ಗಳ ಮೇಲೆ. ಚಕ್ ಕಣ್ಣೆದುರೇ ತಿರುಗುತ್ತಿರುತ್ತದೆ. ಟೂಲ್ ಕಚ್ಚಿದ ಕಡೆಯಿಂದ ನೀಲಿಗಟ್ಟಿದ ಚಿಪ್ಸ್ ಸುರುಳಿ ಸುತ್ತಿಕೊಂಡು ಬಂದು ಕಾಲಬುಡಕ್ಕೆ ಬೀಳುತ್ತದೆ. 1953ರಲ್ಲಿ ಬೆಂಗಳೂರಿನ ಜಾಲಹಳ್ಳಿಯಲ್ಲಿ ಶುರುವಾದ ಎಚ್‌ಎಂಟಿ ಮೊದಮೊದಲು ಮಾಡಿಕೊಟ್ಟ ಲೇತ್‌ಗಳೂ ಇಂಥವೇ. ಜಾಲಹಳ್ಳಿಗೆ ಅಂಟಿಕೊಂಡಂತಿರುವ ಪೀಣ್ಯದಲ್ಲಿ ಈಗ ತಯಾರಾಗುವ ಸಿಎನ್‌ಸಿ ಲೇತ್‌ನ ಮುಂದೆ ನಿಂತರೆ ಕಾಣುವುದು ದೊಡ್ಡದೊಂದು ತಗಡಿನ ಪೆಟ್ಟಿಗೆ, ಅದಕ್ಕೊಂದು ಜಾರುಬಾಗಿಲು, ಬಾಗಿಲಿಗೊಂದು ಕಿಟಕಿ. ಲೇತ್ ಎಲ್ಲಿದೆ ಎಂದು ಬಗ್ಗಿ ನೋಡಬೇಕು. ಈ ಪೆಟ್ಟಿಗೆಯನ್ನು ಶಾಪ್‌ನಲ್ಲಿ ಕವರ್ ಅನ್ನುತ್ತಾರೆ. ಅದನ್ನು ರೂಪಿಸಿ ಮಾಡಿಕೊಡುವುದು ತನ್ನದೇ ಪಟ್ಟುಗಳಿರುವ ಕಸುಬು.

ಕವರ್ ಬೇಕಾದದ್ದು ಚೆಂದಕ್ಕಲ್ಲ. 250 ಮಿ.ಮೀ. ವ್ಯಾಸದ ಚಕ್ ನಿಮಿಷಕ್ಕೆ 3000 ಸುತ್ತು ತಿರುಗುತ್ತಿದ್ದರೆ ಅದರ ಅಂಚು ಗಂಟೆಗೆ ಸುಮಾರು 140 ಕಿ.ಮೀ. ವೇಗದಲ್ಲಿ ಓಡುತ್ತಿರುತ್ತದೆ. ವೇಗದ ಬೌಲರ್ ಎಸೆಯುವ ಚೆಂಡಿನ ವೇಗವೂ ಅಷ್ಟೇ. ಆದರೆ ಚೆಂಡಿನ ತೂಕ 160 ಗ್ರಾಂ ಆಸುಪಾಸು. ಚಕ್‌ನಿಂದ ಕಿತ್ತುಕೊಂಡು ಬರುವ, ಕಚ್ಚಿ ಹಿಡಿಯುವ ಉಕ್ಕಿನ ಜಾ ಒಂದು ಕೆಜಿ ತೂಗಬಹುದು. ವೇಗ ಒಂದೂವರೆ ಪಟ್ಟಾದರೆ ಹೊಡೆತದ ಶಕ್ತಿ ಎರಡೂಕಾಲು ಪಟ್ಟಾಗುತ್ತದೆ. ಹಳೆಯ ಯಂತ್ರದ ವೇಗ ಹೆಚ್ಚಿಸಿ, ಹಳೆಯ ಬಾಗಿಲನ್ನೇ ಉಳಿಸಿಕೊಳ್ಳುವವರು ಈ ಲೆಕ್ಕವನ್ನು ಒಮ್ಮೆ ಮಾಡಿ ನೋಡಬೇಕು.

ಕಿಟಕಿಯ ಕಥೆ ಇನ್ನೂ ಸೂಕ್ಷ್ಮ. ಅಲ್ಲಿರುವುದು ಪಾಲಿಕಾರ್ಬೊನೇಟ್. ಬಗ್ಗಿ ಹೊಡೆತ ತಾಳಿಕೊಳ್ಳುವುದೇ ಅದರ ಗುಣ. ಆದರೆ ಕೂಲೆಂಟ್, ಎಣ್ಣೆ ತಾಗುತ್ತಾ ತಾಗುತ್ತಾ ಕೆಲವೇ ವರ್ಷಗಳಲ್ಲಿ ಅದು ಪೆಡಸಾಗುತ್ತದೆ. ನೋಡಲು ತಿಳಿಯಾಗಿಯೇ ಇದ್ದು, ಪೆಟ್ಟು ಬಿದ್ದ ದಿನ ಚೂರಾಗುತ್ತದೆ. ಅದಕ್ಕೇ ಒಳಮೈಗೆ ಗಾಜಿನ ಹಾಳೆ ಕೊಟ್ಟು, ಅಂಚನ್ನು ಸುತ್ತಲೂ ಸೀಲ್ ಮಾಡುತ್ತಾರೆ. ಕೆಲವು ವರ್ಷಕ್ಕೊಮ್ಮೆ ಬದಲಿಸಿ ಎಂದು ಮ್ಯಾನ್ಯುಯಲ್‌ನಲ್ಲಿ ಬರೆಯುತ್ತಾರೆ. ಕಿಟಕಿ ಮಸುಕಾಯಿತೆಂದು ವೇಸ್ಟ್ ಬಟ್ಟೆಗೆ ಥಿನ್ನರ್ ಅದ್ದಿ ಉಜ್ಜಿದರೆ ಮುಗಿಯಿತು, ಕೂದಲೆಳೆಯಂಥ ಬಿರುಕುಗಳು ಅಲ್ಲಿಂದಲೇ ಶುರು.

ಆದರೂ ಡಿಸೈನರ್‌ಗಳ ನಿದ್ದೆ ಕೆಡಿಸುವುದು ಹಾರುವ ಜಾ ಅಲ್ಲ, ದಿನನಿತ್ಯದ ಚಿಪ್ಸ್ ಮತ್ತು ಕೂಲೆಂಟ್. ಒಳಗೆ ಒಂದೇ ಒಂದು ಮಟ್ಟಸ ಜಾಗ ಸಿಕ್ಕರೂ ಚಿಪ್ಸ್ ಅಲ್ಲಿ ಗುಡ್ಡೆಯಾಗುತ್ತದೆ. ಹಾಗಾಗಿ ಒಳಗಿನ ತಗಡುಗಳನ್ನೆಲ್ಲ ಕಡಿದಾಗಿ ಇಳಿಜಾರು ಕೊಟ್ಟು ಕನ್ವೇಯರ್‌ನ ಕಡೆಗೆ ತಿರುಗಿಸಬೇಕು. ಅದರಲ್ಲೂ ಒಂದೊಂದು ಲೋಹದ್ದು ಒಂದೊಂದು ಹಟ. ಉಕ್ಕಿನ ಚಿಪ್ಸ್ ಜಡೆಗಟ್ಟುತ್ತದೆ, ಅಲ್ಯೂಮಿನಿಯಂ ಹಗುರಾಗಿ ಎಲ್ಲೆಂದರಲ್ಲಿ ಕೂರುತ್ತದೆ, ಕಾಸ್ಟ್ ಐರನ್ ಪುಡಿಯಾಗಿ ಕೂಲೆಂಟ್ ಜೊತೆ ಸೇರಿ ಕಪ್ಪು ಕೆಸರಾಗುತ್ತದೆ. ಎರಡು ತಗಡು ಕೂಡುವಲ್ಲಿ ಮೇಲಿನದರ ತುದಿ ಒಳಗಡೆಯಿಂದ ಕೆಳಗಿನದರ ಮೇಲೆ ಇಳಿಬಿದ್ದಿರಬೇಕು. ಆಗ ಹರಿದ ಕೂಲೆಂಟ್ ಒಳಗೇ ಉಳಿಯುತ್ತದೆ. ಇದನ್ನು ಉಲ್ಟಾ ಮಾಡಿದವರು ಕೊನೆಗೆ ಸಂದುಗಳಿಗೆಲ್ಲ ಸಿಲಿಕೋನ್ ಮೆತ್ತುತ್ತಾರೆ. ಹೊಸ ಯಂತ್ರದ ಒಳಗೆ ಸಿಲಿಕೋನ್ ಧಾರಾಳವಾಗಿ ಕಂಡರೆ ಅದನ್ನು ಡ್ರಾಯಿಂಗ್‌ನ ತಪ್ಪೊಪ್ಪಿಗೆ ಎಂದೇ ಓದಿಕೊಳ್ಳಬಹುದು.

ಶೀಟ್ ಮೆಟಲ್ ಶಾಪ್‌ಗೆ ಹೋದರೆ ಮಾತು ಮಿಲಿಮೀಟರಿಗೆ ಇಳಿಯುತ್ತದೆ. 2 ಮಿ.ಮೀ. ತಗಡನ್ನು ಒಂದು ಕಡೆ 100, ಇನ್ನೊಂದು ಕಡೆ 50 ಮಿ.ಮೀ. ಬರುವಂತೆ ಮೂಲೆಮಟ್ಟಕ್ಕೆ ಬೆಂಡ್ ಮಾಡಬೇಕು ಎನ್ನಿ. 150 ಮಿ.ಮೀ. ಕತ್ತರಿಸಿದರೆ ಉದ್ದ ಹೆಚ್ಚಾಗುತ್ತದೆ. ಬೆಂಡ್‌ನ ಒಳ ತಿರುವೂ 2 ಮಿ.ಮೀ. ಇದ್ದರೆ ಸುಮಾರು ಮೂರೂವರೆ ಮಿ.ಮೀ. ಕಳೆದು 146.5ಕ್ಕೆ ಕತ್ತರಿಸಬೇಕು. ಒಂದೊಂದು ಕವರ್‌ನಲ್ಲಿ ಇಂಥ ಬೆಂಡ್‌ಗಳು ಹತ್ತಾರು. ಒಂದರಲ್ಲಿ ಅರ್ಧ ಮಿ.ಮೀ. ತಪ್ಪಿದರೂ ಕೊನೆಯ ತಗಡು ಕೂರುವಾಗ ಸ್ಕ್ರೂ ತೂತು ಎದುರುಬದುರಾಗುವುದಿಲ್ಲ. ಲೇಸರ್ ಕಟಿಂಗ್ ಎಷ್ಟೇ ನಿಖರವಾಗಿದ್ದರೂ ಬೆಂಡಿಂಗ್ ಮೇಸ್ತ್ರಿಯ ಅಂದಾಜನ್ನು ಕೇಳದೆ ಡ್ರಾಯಿಂಗ್ ಮುಗಿಸುವ ಇಂಜಿನಿಯರ್ ಒಮ್ಮೆಯಾದರೂ ಪಾಠ ಕಲಿಯುತ್ತಾನೆ. ಆಮೇಲೆ ಜಿಡ್ಡು ತೆಗೆದು, ಫಾಸ್ಫೇಟ್ ಹಿಡಿಸಿ, ಪೌಡರ್ ಕೋಟಿಂಗ್ ಮಾಡಿ 200 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಓವನ್‌ನಲ್ಲಿ ಬೇಯಿಸುತ್ತಾರೆ. ಬಣ್ಣದ ಮೈಯನ್ನು ಕಿತ್ತಳೆ ಸಿಪ್ಪೆಯ ಥರ ತರಿತರಿಯಾಗಿ ಬಿಡುವುದೂ ಉಪಾಯವೇ. ವೆಲ್ಡಿಂಗ್ ಉಜ್ಜಿದ ಗುರುತು, ಎಣ್ಣೆಗೈ ಮಚ್ಚೆ ಎರಡೂ ಅದರಲ್ಲಿ ಮುಚ್ಚಿಹೋಗುತ್ತವೆ.

ಯಂತ್ರದ ಅಂಗಾಂಗಗಳನ್ನೆಲ್ಲ ಒಂದೇ ಕವಚದೊಳಗೆ ಮುಚ್ಚುವ ವಿನ್ಯಾಸಕ್ಕೆ ಹೆಸರಾದ ಉದಾಹರಣೆ ಕಾರ್ಖಾನೆಯದ್ದಲ್ಲ, ಕಚೇರಿಯದ್ದು. ನಮ್ಮ ಶಾಲೆಗಳಲ್ಲಿ ಪ್ರಶ್ನೆಪತ್ರಿಕೆ ಸೈಕ್ಲೋಸ್ಟೈಲ್ ಮಾಡುತ್ತಿದ್ದ ಗೆಸ್ಟೆಟ್ನರ್ ಯಂತ್ರ ನೆನಪಿರಬಹುದು. 1929ರಲ್ಲಿ ರೇಮಂಡ್ ಲೋವಿ ಎಂಬ ವಿನ್ಯಾಸಕಾರ ಆ ಕಂಪನಿಯ ಯಂತ್ರವನ್ನು ಎದುರಿಗಿಟ್ಟುಕೊಂಡು, ಕೈಕಾಲು ಚಾಚಿಕೊಂಡಿದ್ದ ಭಾಗಗಳ ಮೇಲೆ ಜೇಡಿಮಣ್ಣು ಮೆತ್ತಿ ಹೊಸ ಕವಚದ ಆಕಾರ ತೆಗೆದ. ಮಣ್ಣಿನ ಜಾಗಕ್ಕೆ ಈಗ ಕಂಪ್ಯೂಟರ್ ಬಂದಿದೆ. ಆದರೆ ಒಳಗಿನದನ್ನು ಒಬ್ಬರು ಮಾಡಿಟ್ಟು, ಹೊರಗಿನದನ್ನು ಇನ್ನೊಬ್ಬರಿಗೆ ಕೊನೆಗಳಿಗೆಯಲ್ಲಿ ವಹಿಸುವ ಚಾಳಿ ಎಷ್ಟೋ ಕಡೆ ಹಾಗೇ ಇದೆ.

ಕಾನೂನಿನ ಬೇಲಿಯೂ ಉಂಟು. 1948ರ ಕಾರ್ಖಾನೆ ಕಾಯ್ದೆಯ 21ನೇ ಸೆಕ್ಷನ್ ಯಂತ್ರದ ಅಪಾಯಕಾರಿ ಭಾಗಗಳಿಗೆ ಭದ್ರವಾದ ತಡೆ ಇರಲೇಬೇಕು ಎಂದು ವಿಧಿಸಿತ್ತು. ಎಷ್ಟು ಭದ್ರ ಎಂಬುದಕ್ಕೆ ಐಎಸ್‌ಒ 13857 ಎಂಬ ಮಾನದಂಡದಲ್ಲಿ ಬೆರಳು, ಕೈ, ತೋಳುಗಳ ಅಳತೆಯ ಕೋಷ್ಟಕವಿದೆ. 12ರಿಂದ 20 ಮಿ.ಮೀ. ಅಗಲದ ಉದ್ದನೆಯ ಸಂದಿದ್ದರೆ ತಿರುಗುವ ಭಾಗ ಕನಿಷ್ಠ 120 ಮಿ.ಮೀ. ಒಳಗಿರಬೇಕು. ಸಂದು 20 ದಾಟಿತೋ, ಆ ದೂರ ಒಮ್ಮೆಲೇ 850 ಮಿ.ಮೀ.ಗೆ ಜಿಗಿಯುತ್ತದೆ, ಏಕೆಂದರೆ ಅಲ್ಲಿಂದ ಮುಂದೆ ಇಡೀ ತೋಳೇ ನುಗ್ಗಬಹುದು.

ಇಷ್ಟೆಲ್ಲ ಮಾಡಿದ ಕವರ್ ಸೋಲುವುದು ಸಾಮಾನ್ಯವಾಗಿ ಬಾಗಿಲಲ್ಲಿ. ಬಾಗಿಲು ತೆರೆದರೆ ಸ್ಪಿಂಡಲ್ ನಿಲ್ಲಲೆಂದು ಇಂಟರ್‌ಲಾಕ್ ಸ್ವಿಚ್ ಇರುತ್ತದೆ. ಅದರ ಕೀಲಿಯ ಇನ್ನೊಂದು ತುಂಡನ್ನು ಸಿಕ್ಕಿಸಿ, ಬಾಗಿಲು ಮುಚ್ಚಿದೆ ಎಂದು ಯಂತ್ರವನ್ನು ನಂಬಿಸುವ ವಿದ್ಯೆ ಶಾಪ್ ಫ್ಲೋರ್‌ಗೆ ಹೊಸದಲ್ಲ. ಆಪರೇಟರ್‌ಗೆ ಎಷ್ಟು ಬೈದರೂ ಆ ತುಂಡು ಮತ್ತೆ ಬರುತ್ತದೆ. ಅವನ ದಿನ ನೋಡಿ: ಎರಡು ನಿಮಿಷಕ್ಕೊಂದು ಜಾಬ್ ಆದರೆ ಎಂಟು ಗಂಟೆಯ ಪಾಳಿಯಲ್ಲಿ 240 ಸಲ ಬಾಗಿಲು ತೆರೆಯಬೇಕು, 240 ಸಲ ಮುಚ್ಚಬೇಕು. ಬಾಗಿಲು ಭಾರವಿದ್ದು, ಹಿಡಿ ತೀರ ಕೆಳಗಿದ್ದು, ಕಿಟಕಿಯ ಮೇಲೆ ಕೂಲೆಂಟ್ ಸುರಿದು ಏನೂ ಕಾಣದಿದ್ದರೆ ಬೈಪಾಸ್ ಅವನಿಗೆ ಅನಿವಾರ್ಯ ಅನ್ನಿಸುತ್ತದೆ. ಬಿಲ್ಲೆ ಗರಗರ ತಿರುಗಿ ನೀರು ಚದುರಿಸುವ ಕಿಟಕಿ, ಒಳಗಿನ ಕ್ಯಾಮೆರಾ, ಹಗುರ ರೋಲರ್, ಭಾರದ ಜಾಬ್ ಇಳಿಸುವ ಹಗ್ಗಕ್ಕಾಗಿ ಚಾವಣಿಯಲ್ಲೊಂದು ಕಂಡಿ, ಇವೆಲ್ಲ ನನ್ನ ಲೆಕ್ಕದಲ್ಲಿ ಸುರಕ್ಷತೆಯ ಉಪಕರಣಗಳೇ.

ಬೆಸ ವರ್ಷಗಳ ಜನವರಿಯಲ್ಲಿ ತುಮಕೂರು ರಸ್ತೆಯ ಬಿಐಇಸಿಯಲ್ಲಿ ಲೋಹ ಕತ್ತರಿಸುವ ಯಂತ್ರಗಳ ಇಮ್‌ಟೆಕ್ಸ್ ಪ್ರದರ್ಶನ ನಡೆಯುತ್ತದೆ. ಹೋದರೆ ದೀಪ ಹಾಕಿದ ಮುಂಭಾಗ ನೋಡಿ ಬರಬೇಡಿ. ಹಿಂದಕ್ಕೆ ಸುತ್ತಿಕೊಂಡು ಹೋಗಿ, ಕೂಲೆಂಟ್ ಫಿಲ್ಟರ್ ತೆಗೆಯಲು ಎಷ್ಟು ಸ್ಕ್ರೂ ಬಿಚ್ಚಬೇಕು ಎಂದು ಎಣಿಸಿ, ಬಾಗಿಲನ್ನು ಎಡಗೈಯಲ್ಲಿ ಎಳೆದು ನೋಡಿ. ಸ್ಪಿಂಡಲ್ ವೇಗ ಹೇಳಿ ಹೇಳಿ ಸಾಕಾದ ಸ್ಟಾಲ್‌ನವರು ಖುಷಿಯಾಗಿ ಒಂದು ಕಾಫಿ ತರಿಸಿದರೂ ತರಿಸಿದರೇ.