ಅಂಕಿಯಲ್ಲಿ ಅಡಗಿದ ಅಕ್ಷರ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳಲ್ಲಿ ಕಾಲೇಜಿನ ಮೊದಲ ವರ್ಷಕ್ಕೆ ಕಾಲಿಡುವ ವಿದ್ಯಾರ್ಥಿಗೆ ಗೂಢಲಿಪಿಯ ಪಾಠವನ್ನು ರೋಮಿನ ಸೀಸರನಿಂದಲೇ ಆರಂಭಿಸಬೇಕೆಂದಿಲ್ಲ; ಕನ್ನಡದಲ್ಲಿಯೇ ಸೊಗಸಾದ ಉದಾಹರಣೆಯುಂಟು.

ಯಲ್ಲಪ್ಪ ಶಾಸ್ತ್ರಿ, ಕರ್ಲಮಂಗಲಂ ಶ್ರೀಕಂಠಯ್ಯನವರ ಪರಿಶ್ರಮದಿಂದ 1953ರಲ್ಲಿ ಅಚ್ಚಾದ ‘ಸಿರಿಭೂವಲಯ’ದ ಮೂಲದಲ್ಲಿರುವುದು ಅಕ್ಷರಗಳಲ್ಲ, ಅಂಕಿಗಳು. ಕರ್ತೃ ಕುಮುದೇಂದು ಮುನಿಯೆಂದು ಪ್ರತೀತಿ. ಕಾಲದ ಬಗೆಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಒಂದೊಂದು ಚಕ್ರದಲ್ಲಿ ಸಾಲಿಗೆ 27ರಂತೆ 27 ಸಾಲು, ಅಂದರೆ 729 ಮನೆಗಳು. 1ರಿಂದ 64ರವರೆಗಿನ ಪ್ರತಿ ಅಂಕಿಗೂ ಒಂದು ಧ್ವನಿ.

ಕೋಷ್ಟಕ ಕೈಯಲ್ಲಿದ್ದರೆ ಅಂಕಿಯನ್ನು ಅಕ್ಷರವಾಗಿಸುವುದು ಮಕ್ಕಳಾಟ. ಆದರೆ ಯಾವ ಮನೆಯಿಂದ ಹೊರಟು ಎತ್ತ ಸಾಗಬೇಕು? ಆ ನಡೆಯೇ ‘ಬಂಧ’; ಅದೇ ಕೀಲಿಕೈ. ಹತ್ತೇ ಮನೆಗಳನ್ನು 36,28,800 ಕ್ರಮಗಳಲ್ಲಿ ಓದಬಹುದು! ಕೀಲಿಕೈ ಕಳೆದರೆ ಬಾಗಿಲು ಹಗೆಗಷ್ಟೇ ಅಲ್ಲ, ವಾರಸುದಾರನಿಗೂ ತೆರೆಯದು. ಗೂಢಲಿಪಿಯ ಬಲವೂ ಅದೇ, ಅಪಾಯವೂ ಅದೇ.