ಗರ್ಭಿಣಿಯ ಆಹಾರ ಮತ್ತು ಶಿಶುವಿನ ರೋಗನಿರೋಧಕ ಶಕ್ತಿ
(ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಹಾಗೂ ಕಾಗವಾಡ ತಾಲ್ಲೂಕುಗಳ ಫಲಾನುಭವಿಗಳ ಮಾಹಿತಿಗಾಗಿ)

ನವಜಾತ ಶಿಶುವಿನ ಸ್ವಂತ ರೋಗನಿರೋಧಕ ಶಕ್ತಿಯು ಪೂರ್ಣವಾಗಿ ಬೆಳೆದಿರುವುದಿಲ್ಲ. ಮೊದಲ ಕೆಲವು ತಿಂಗಳು ಅದನ್ನು ಕಾಪಾಡುವುದು ತಾಯಿಯಿಂದ ಬಂದ ಪ್ರತಿಕಾಯಗಳು. ಇವು ಜರಾಯುವಿನ (ಮಾಸು) ಮೂಲಕ ಶಿಶುವಿನ ರಕ್ತವನ್ನು ಸೇರುವುದು ಬಹುಪಾಲು ಗರ್ಭಾವಸ್ಥೆಯ ಕೊನೆಯ 3 ತಿಂಗಳಲ್ಲಿ. ಗರ್ಭಿಣಿಗೆ ನೀಡುವ ಧನುರ್ವಾಯು ಚುಚ್ಚುಮದ್ದು ಶಿಶುವನ್ನೂ ರಕ್ಷಿಸುವುದು ಇದೇ ಮಾರ್ಗದಿಂದ. ಅವಧಿಗೆ ಮುನ್ನ ಜನಿಸಿದ ಶಿಶುವಿಗೆ ಈ ಪಾಲು ಪೂರ್ತಿಯಾಗಿ ದೊರೆಯುವುದಿಲ್ಲ. ತಾಯಿಯ ರಕ್ತಹೀನತೆ ಹಾಗೂ ಅಪೌಷ್ಟಿಕತೆಗಳು ಅವಧಿಪೂರ್ವ ಹೆರಿಗೆ ಮತ್ತು 2.5 ಕಿ.ಗ್ರಾಂ.ಗಿಂತ ಕಡಿಮೆ ತೂಕದ ಜನನದ ಸಂಭವವನ್ನು ಹೆಚ್ಚಿಸುತ್ತವೆ. ಇಂತಹ ಶಿಶುಗಳಿಗೆ ನ್ಯುಮೋನಿಯ, ಅತಿಸಾರದಂತಹ ಸೋಂಕುಗಳು ಬೇಗನೆ ತಗಲುತ್ತವೆ.

ಕಡಿಮೆ ಉಂಡರೆ ಕೂಸು ಸಣ್ಣದಾಗಿ ಹೆರಿಗೆ ಸುಲಭವಾಗುವುದೆಂಬ ನಂಬಿಕೆಯು ಕೆಲವು ಮನೆಗಳಲ್ಲಿ ಇನ್ನೂ ಇದೆ. ಇದು ತಪ್ಪು ಕಲ್ಪನೆ. ದುಬಾರಿ ಪೌಷ್ಟಿಕ ಪುಡಿಗಳ ಅಗತ್ಯವೂ ಇಲ್ಲ. ಜೋಳದ ರೊಟ್ಟಿ, ಮಡಕಿ ಕಾಳು, ಶೇಂಗಾ ಹಿಂಡಿ, ಮೆಂತ್ಯದ ಪಲ್ಯ, ಹಾಲು, ಮೊಟ್ಟೆ ನಮ್ಮಲ್ಲಿಯೇ ದೊರೆಯುತ್ತವೆ. ಕಬ್ಬಿಣಾಂಶದ ಮಾತ್ರೆಯನ್ನು 4ನೆಯ ತಿಂಗಳಿನಿಂದ ದಿನಕ್ಕೊಂದರಂತೆ ಕನಿಷ್ಠ 180 ದಿನ ಸೇವಿಸತಕ್ಕದ್ದು. ಚಹಾದೊಂದಿಗೆ ಸೇವಿಸಿದಲ್ಲಿ ಅದು ಮೈಗೆ ಹತ್ತುವುದಿಲ್ಲ. ನಿಪ್ಪಾಣಿ ಭಾಗದಲ್ಲಿ ತಂಬಾಕು ಹಾಗೂ ಬೀಡಿ ಕೆಲಸ ಮಾಡುವ ಗರ್ಭಿಣಿಯರು ತಂಬಾಕಿನ ಧೂಳಿನಿಂದ ದೂರವಿರುವುದು ಅವಶ್ಯ.

ದಿನಾಂಕ 2-10-2017ರಿಂದ ರಾಜ್ಯದಾದ್ಯಂತ ಜಾರಿಗೆ ಬಂದ ಮಾತೃಪೂರ್ಣ ಯೋಜನೆಯನ್ವಯ ಗರ್ಭಿಣಿಯರಿಗೆ ಹಾಗೂ ಬಾಣಂತಿಯರಿಗೆ ಅಂಗನವಾಡಿಯಲ್ಲಿ ತಿಂಗಳಿಗೆ 25 ದಿನ ಮಧ್ಯಾಹ್ನದ ಬಿಸಿಯೂಟ ನಿಗದಿಯಾಗಿದೆ. ಅನ್ನ, ಬೇಳೆ-ತರಕಾರಿ ಸಾಂಬಾರು, ಮೊಟ್ಟೆ, ಹಾಲು, ಶೇಂಗಾ ಚಿಕ್ಕಿ ಇದರಲ್ಲಿ ಸೇರಿವೆ. ಕೇಂದ್ರದಲ್ಲಿಯೇ ಉಣ್ಣಬೇಕೆಂಬ ಏರ್ಪಾಡಿಗೆ ಕಾರಣವಿದೆ: ಮನೆಗೆ ಒಯ್ದ ಮೊಟ್ಟೆ ಗರ್ಭಿಣಿಯ ಬಾಯಿಗೆ ಬೀಳುವುದು ಅಪರೂಪ.

ಅನೇಕ ಗರ್ಭಿಣಿಯರು ಕುಬಸದ ನಂತರ, ಸುಮಾರು 7ನೆಯ ತಿಂಗಳಲ್ಲಿ, ತವರಿಗೆ ತೆರಳುತ್ತಾರೆ. ಪ್ರತಿಕಾಯಗಳು ಶಿಶುವಿಗೆ ದೊರೆಯುವ ಮುಖ್ಯ ಕಾಲವೂ ಅದೇ. ಅಂಗನವಾಡಿಯ ಊಟ ತಪ್ಪುವುದೂ ಆಗಲೇ. ಆದ್ದರಿಂದ ಹೊರಡುವ ಮುನ್ನ ಕಾರ್ಯಕರ್ತೆಗೆ ತಿಳಿಸಿ, ತಾಯಿ ಕಾರ್ಡ್ ಹಾಗೂ ಆಧಾರ್ ಕಾರ್ಡ್‌ನೊಂದಿಗೆ ತವರೂರಿನ ಅಂಗನವಾಡಿಯಲ್ಲಿ ಹೆಸರು ದಾಖಲಿಸಿಕೊಳ್ಳತಕ್ಕದ್ದು. ತವರು ಮಿರಜ, ಇಚಲಕರಂಜಿ ಅಥವಾ ಕೊಲ್ಲಾಪುರದ ಕಡೆ ಇದ್ದರೂ ಚಿಂತೆಯಿಲ್ಲ. ಮಹಾರಾಷ್ಟ್ರದ ಅಂಗನವಾಡಿಗಳಲ್ಲಿಯೂ ಗರ್ಭಿಣಿಯರಿಗೆ ಪೂರಕ ಆಹಾರವಿದೆ. ಇಲ್ಲಿನ ತಾಯಿ ಕಾರ್ಡ್ ಮಾತ್ರ ಜೊತೆಯಲ್ಲಿರಲಿ, ತಪಾಸಣೆ ಮತ್ತು ಚುಚ್ಚುಮದ್ದಿನ ವಿವರ ಅದರಲ್ಲಿಯೇ ಇರುತ್ತದೆ.

ನೋಂದಣಿಗೆ ಯಾವುದೇ ಶುಲ್ಕವಿರುವುದಿಲ್ಲ. ತೊಂದರೆಯಾದಲ್ಲಿ ಆಯಾ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳ ಕಚೇರಿಯನ್ನು ಸಂಪರ್ಕಿಸಬಹುದಾಗಿದೆ.