ಹಳಿಯ ಮೇಲೊಂದು ಕ್ರೀಡಾಮಂದಿರ

ಕ್ರೀಡಾಮಂದಿರ ಕಟ್ಟುವವರನ್ನು ಕಾಡುವ ಸಮಸ್ಯೆಯೊಂದುಂಟು. ಅಮೆರಿಕನ್ ಫುಟ್‌ಬಾಲಿನಂಥ ಆಟಕ್ಕೆ ವಿಶಾಲವಾದ ಬಯಲು ಬೇಕು. ಬ್ಯಾಸ್ಕೆಟ್‌ಬಾಲಿಗೆ ಅದರ ಒಂದು ಮೂಲೆ ಸಾಕು. ಸಂಗೀತ ಕಚೇರಿಗಾದರೋ ಶ್ರೋತೃಗಳು ವೇದಿಕೆಯ ಸಮೀಪದಲ್ಲಿರಬೇಕು. ದೊಡ್ಡದಾಗಿ ಕಟ್ಟಿದರೆ ಸಣ್ಣ ಕಾರ್ಯಕ್ರಮದ ದಿನ ಅರ್ಧ ಮಂದಿರ ಬರಿದು. ಚಿಕ್ಕದಾಗಿ ಕಟ್ಟಿದರೆ ದೊಡ್ಡ ಆಟಕ್ಕೆ ಎಡೆಯಿಲ್ಲ. ಜಪಾನಿನ ಸೈತಾಮಾ ನಗರದಲ್ಲಿ ಇದಕ್ಕೆ ಕಂಡುಕೊಂಡ ಪರಿಹಾರ ವಿಚಿತ್ರವಾದುದು. ಮಂದಿರದ ಒಂದು ಭಾಗವನ್ನೇ ಗಾಲಿಗಳ ಮೇಲೆ ನಿಲ್ಲಿಸಿಬಿಟ್ಟರು! ಅದನ್ನೂ ಅದರ ಸುತ್ತಲಿನ ಊರನ್ನೂ ನಾವೊಮ್ಮೆ ನೋಡಿಬರೋಣ.

ಟೋಕಿಯೋದಿಂದ ಉತ್ತರಕ್ಕೆ ರೈಲಿನಲ್ಲಿ ಸುಮಾರು ಅರ್ಧ ಗಂಟೆ ಸಾಗಿದರೆ ಸೈತಾಮಾ-ಶಿಂತೋಶಿನ್ ನಿಲ್ದಾಣ ದೊರೆಯುತ್ತದೆ. 'ಶಿಂತೋಶಿನ್' ಎಂದರೆ ಹೊಸ ನಗರಕೇಂದ್ರ. ಹಿಂದೆ ಇಲ್ಲಿ ರೈಲ್ವೆಯವರು ಸರಕು ಡಬ್ಬಿಗಳನ್ನು ಬಿಡಿಸಿ ಜೋಡಿಸುವ ಯಾರ್ಡು ಇದ್ದಿತು. ಅದು ತೆರವಾದ ನೆಲದಲ್ಲಿ 2000ದ ಏಪ್ರಿಲಿನಲ್ಲಿ ನಿಲ್ದಾಣವೂ, ಸೆಪ್ಟೆಂಬರಿನಲ್ಲಿ 'ಸೈತಾಮಾ ಸೂಪರ್ ಅರೀನಾ' ಎಂಬ ಹೆಸರಿನ ಮಂದಿರವೂ ತೆರೆದವು. ಪಕ್ಕದಲ್ಲೇ 'ಕೆಯಾಕಿ' ಮರಗಳ ಚೌಕವುಂಟು. ಸಾಲಾಗಿ ನಿಂತ 220 ಮರಗಳು ಬೇರೂರಿರುವುದು ನೆಲದಲ್ಲಲ್ಲ, ಮೇಲಂತಸ್ತಿನಲ್ಲಿ!

ಮಂದಿರದ ಸರಿಯುವ ಭಾಗವನ್ನು ಚಲಭಾಗವೆಂದು ಕರೆಯೋಣ. ಅದರ ಎತ್ತರ 41.5 ಮೀಟರ್, ತೂಕ 15,000 ಟನ್. ಸುಮಾರು 9,200 ಆಸನಗಳನ್ನೂ ಅವುಗಳ ಹಿಂದಿನ ಪಡಸಾಲೆಗಳನ್ನೂ ಹೊತ್ತು ಅದು ಹಳಿಗಳ ಮೇಲೆ 70 ಮೀಟರ್ ಸರಿಯುತ್ತದೆ. ಮುಂದೆ ಬಂದಾಗ ಹೆಚ್ಚೆಂದರೆ 22,500 ಜನರ ಮಂದಿರ. ಹಿಂದೆ ಸರಿದಾಗ 36,500 ಜನರ ಕ್ರೀಡಾಂಗಣ.

ಆಸನಗಳ ಎಣಿಕೆಯೊಂದೇ ಇದರ ಪ್ರಯೋಜನವಲ್ಲ. ಮಂದಿರದೊಳಗೆ ಹುಟ್ಟಿದ ಶಬ್ದ ಗೋಡೆಗಳಿಂದ ಮರಳಿ ಮರಳಿ ಪ್ರತಿಫಲಿಸಿ ಕ್ರಮೇಣ ಅಡಗುತ್ತದೆ. ಇದನ್ನು ಅನುರಣನ ಎನ್ನುತ್ತೇವೆ. ಅದು ಉಳಿಯುವ ಕಾಲವು ಮಂದಿರದ ಘನಗಾತ್ರ ಹೆಚ್ಚಿದಂತೆ ಹೆಚ್ಚುತ್ತದೆ, ಶಬ್ದವನ್ನು ಹೀರುವ ಮೈಗಳು ಹೆಚ್ಚಿದಂತೆ ಕುಗ್ಗುತ್ತದೆ ಎಂಬುದನ್ನು 19ನೆಯ ಶತಮಾನದ ಕೊನೆಯಲ್ಲಿ ಅಮೆರಿಕದ ವ್ಯಾಲೇಸ್ ಸೇಬೈನ್ ತೋರಿಸಿಕೊಟ್ಟನು. ಅರೆಬರಿದಾದ ದೊಡ್ಡ ಮಂದಿರದಲ್ಲಿ ಒಂದು ಸ್ವರ ಅಡಗುವ ಮೊದಲೇ ಇನ್ನೊಂದು ಬಂದು ಕಲೆತುಹೋಗುತ್ತದೆ. ಚಲಭಾಗವನ್ನು ಮುಂದೆ ತಂದರೆ ಘನಗಾತ್ರ ಕುಗ್ಗಿ ನಾದ ಸ್ಪಷ್ಟವಾಗಲು ನೆರವಾಗುತ್ತದೆ.

ಇಷ್ಟು ಭಾರವನ್ನು ಸರಿಸಲು ಎಷ್ಟು ಶಕ್ತಿ ಬೇಕು? ಲೆಕ್ಕ ಹಾಕಿ ನೋಡೋಣ. 70 ಮೀಟರ್ ಸಾಗಲು ಸುಮಾರು 20 ನಿಮಿಷ ಹಿಡಿಯುತ್ತದೆ. ಎಂದರೆ ವೇಗ ಸೆಕೆಂಡಿಗೆ ಸುಮಾರು 5.8 ಸೆಂಟಿಮೀಟರ್. ದ್ರವ್ಯರಾಶಿಯನ್ನು ವೇಗದ ವರ್ಗದಿಂದ ಗುಣಿಸಿ ಅರ್ಧ ಮಾಡಿದರೆ ಚಲನಶಕ್ತಿ ಸುಮಾರು 25,000 ಜೂಲ್ ಎಂದಾಗುತ್ತದೆ. 60 ಕಿಲೋಗ್ರಾಂ ತೂಕದ ವಿದ್ಯಾರ್ಥಿಯೊಬ್ಬನು ಆ ಚಲಭಾಗದ ತುದಿಯವರೆಗೆ ಮೆಟ್ಟಿಲೇರಿದರೆ ಗುರುತ್ವಕ್ಕೆ ಎದುರಾಗಿ ಮಾಡುವ ಕೆಲಸವೂ ಹೆಚ್ಚುಕಡಿಮೆ ಇಷ್ಟೇ!

ಆದರೆ ಗಾಲಿಗಳ ತಡೆಯನ್ನೂ ಮೀರಬೇಕಷ್ಟೆ. ಮಣ್ಣಿನಲ್ಲಿ ಹೂತ ತೇರನ್ನು ಎಳೆಯುವ ಕಷ್ಟ ನಮಗೆ ತಿಳಿದದ್ದೇ. ಉಕ್ಕಿನ ಗಾಲಿ ಉಕ್ಕಿನ ಹಳಿಯ ಮೇಲೆ ಉರುಳುವಾಗಲಾದರೋ ತಡೆಯು ಭಾರದ ಸಾವಿರದಲ್ಲಿ ಒಂದೆರಡು ಪಾಲು ಮಾತ್ರ. ಎರಡು ಪಾಲೆಂದೇ ಹಿಡಿದರೆ 30 ಟನ್ ತೂಕಕ್ಕೆ ಸಮನಾದ ಬಲ ಬೇಕಾಗುತ್ತದೆ. ಆ ಬಲದಿಂದ 70 ಮೀಟರ್ ದೂಡುವ ಕೆಲಸ ಸುಮಾರು 2 ಕೋಟಿ ಜೂಲ್. ಮೋಟಾರುಗಳಲ್ಲಿ ಪೋಲಾಗುವುದನ್ನು ಬಿಟ್ಟರೆ, 6 ಯೂನಿಟ್‌ಗೂ ತುಸು ಕಡಿಮೆ ವಿದ್ಯುತ್ತು. ನಿಧಾನವೂ ಇಲ್ಲಿ ಒಂದು ಉಪಾಯವೇ. ವೇಗವನ್ನು ಇಮ್ಮಡಿಸಿದರೆ ಚಲನಶಕ್ತಿ ನಾಲ್ಮಡಿಯಾಗುತ್ತದೆ. ನಿಲ್ಲಿಸುವಾಗ ಅಷ್ಟನ್ನೂ ಬ್ರೇಕುಗಳು ಹೀರಬೇಕು.

ಲೆಕ್ಕವನ್ನು ಇಲ್ಲಿಗೆ ಬಿಟ್ಟು ಊರನ್ನು ಸುತ್ತೋಣ. ಸೈತಾಮಾ ನಗರ ಈ ಮಂದಿರಕ್ಕಿಂತ ಕಿರಿಯದು. ಟೋಕಿಯೋದ ಉಪನಗರಗಳಾಗಿದ್ದ ಉರಾವಾ, ಓಮಿಯಾ, ಯೊನೊಗಳು 2001ರ ಮೇ 1ರಂದು ಒಂದಾಗಿ ಅದು ಹುಟ್ಟಿತು. 2005ರಲ್ಲಿ ಇವಾತ್ಸುಕಿ ಸೇರಿತು. ಮಂದಿರದ ಸಮೀಪದಿಂದಲೇ ಪ್ರಾಚೀನವಾದ ಹಿಕಾವಾ ದೇಗುಲಕ್ಕೆ ಸುಮಾರು 2 ಕಿಲೋಮೀಟರ್ ಉದ್ದದ ಸಾಲುಮರಗಳ ದಾರಿ ಹೊರಡುತ್ತದೆ. ಓಮಿಯಾದಲ್ಲಿ 2007ರಲ್ಲಿ ತೆರೆದ ರೈಲ್ವೆ ವಸ್ತುಸಂಗ್ರಹಾಲಯವುಂಟು. ಇನ್ನೂ ಉತ್ತರಕ್ಕೆ ಬೊನ್ಸಾಯ್ ಗ್ರಾಮ. 1923ರ ಭೂಕಂಪದಿಂದ ಟೋಕಿಯೋ ಹಾಳಾದ ಬಳಿಕ ಅಲ್ಲಿನ ಕುಬ್ಜವೃಕ್ಷಗಳ ಬೆಳೆಗಾರರು ಒಳ್ಳೆಯ ಮಣ್ಣು, ನೀರು, ಗಾಳಿಗಳನ್ನು ಅರಸುತ್ತ ಬಂದು 1925ರಲ್ಲಿ ಇಲ್ಲಿ ನೆಲೆಯೂರಿದರು.

ನೆಲೆ ತಪ್ಪಿದವರು ಈ ಊರಿಗೆ ಮತ್ತೊಮ್ಮೆ ಬಂದರು. 2011ರ ಮಾರ್ಚ್ 11ರ ಭೂಕಂಪ, ಸುನಾಮಿ ಮತ್ತು ಫುಕುಶಿಮಾ ಅಣುಸ್ಥಾವರದ ದುರಂತದಿಂದ ಮನೆ ಬಿಟ್ಟ ಎರಡು ಸಾವಿರಕ್ಕೂ ಹೆಚ್ಚು ಜನಕ್ಕೆ ಇದೇ ಮಂದಿರ ಆ ತಿಂಗಳ ಕೊನೆಯವರೆಗೆ ಆಶ್ರಯವಾಯಿತು. ಫುತಾಬಾ ಪಟ್ಟಣದ ಸುಮಾರು 1,200 ಜನರು ತಮ್ಮ ಪುರಸಭೆಯ ಕಚೇರಿಯೊಡನೆ ಬಂದಿಳಿದರು. ಪಂದ್ಯದ ದಿನ ಪ್ರೇಕ್ಷಕರು ನಡೆದಾಡುವ ಪಡಸಾಲೆಗಳಲ್ಲಿ ಹೊದಿಕೆ ಹಾಸಿಕೊಂಡು ಸಂಸಾರಗಳು ಮಲಗಿದವು. ಅಲ್ಲಿಯೇ 2021ರಲ್ಲಿ ಒಲಿಂಪಿಕ್ ಬ್ಯಾಸ್ಕೆಟ್‌ಬಾಲ್ ಪಂದ್ಯಗಳು ನಡೆದವು.

ಬಹೂಪಯೋಗಿ ಎಂಬ ಮಾತಿಗೆ ಚಲಭಾಗದ ಗಾಲಿಗಳು ಕೊಡುವ ಅರ್ಥ ಒಂದು. ಆ ಮಾರ್ಚಿಯ ರಾತ್ರಿಗಳಲ್ಲಿ ಪಡಸಾಲೆಗಳು ಕೊಟ್ಟ ಅರ್ಥ ಇನ್ನೊಂದು. ನಾಳೆ ಇಂಥ ಕಟ್ಟಡಗಳ ನಕ್ಷೆ ಬರೆಯಲಿರುವ ತರುಣರು ಎರಡನ್ನೂ ಲೆಕ್ಕಕ್ಕೆ ಹಿಡಿಯುವುದೊಳ್ಳೆಯದು.